ನಾಗರಬಂಡೆ ಕ್ಯಾಬಿನ್ನಿನ ಕಲ್ಲು

ಶಾಲೆಯಲ್ಲಿ ನನಗೆ ಕುಡುಕನ ಮಗಳು ಅಂತ ಹೆಸರಿತ್ತು. ನನ್ನ ಅಪ್ಪ ಒಂದು ಹನಿ ಕುಡಿದವನಲ್ಲ. ಆದರೆ ಕಾಗದದ ಮೇಲೆ ಹಾಗೆ ಬರೆದಿದ್ದರು. ಕಾಗದದಿಂದ ಅದು ಊರಿನ ಬಾಯಿಗೆ ಬಂತು. ಊರಿನ ಬಾಯಿಂದ ಮಕ್ಕಳ ಬಾಯಿಗೆ ಬಂತು. ನಳದ ಹತ್ತಿರ ಹುಡುಗಿಯರು ತೂರಾಡಿ ತೋರಿಸುತ್ತಿದ್ದರು. ನಾನು ಮನೆಗೆ ಬಂದು ಅಳುತ್ತಿದ್ದೆ. ಅವ್ವ ಖಣಿಯಲ್ಲಿ ಕಲ್ಲು ಹೊತ್ತು ಬಂದು ಕುತ್ತಿಗೆ ತಿರುಗಿಸಲಾಗದೆ ಕುಳಿತಿರುತ್ತಿದ್ದಳು.

"ಅಳಬ್ಯಾಡ," ಅನ್ನುತ್ತಿದ್ದಳು. "ಅತ್ರ ಖರೇ ಅಂತ ತಿಳೀತಾರ."

ಅವ್ವನ ಹೆಸರು ರಮಾಬಾಯಿ. ಅಪ್ಪ ದೇವಾನಂದ. ನಾನು ಪೂನಮ್. ಈಗ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅಲ್ಲ, ಇದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಚಿತ್ತಾಪುರದಿಂದ ಸೇಡಂ ಕಡೆ ಹೋಗುವಾಗ ನಾಗರಬಂಡೆ ಅಂತ ಸಣ್ಣ ಸ್ಟೇಷನ್ ಬರುತ್ತದೆ. ಅಲ್ಲಿ ನಿಜಾಮನ ಕಾಲದ ಎರಡು ಅಂತಸ್ತಿನ ಕಲ್ಲಿನ ಕ್ಯಾಬಿನ್ ಇದೆ. ಮೇಲಿನ ಕೋಣೆಯಲ್ಲಿ ಎದೆಯೆತ್ತರದ ಹದಿನಾರು ಕಬ್ಬಿಣದ ಲಿವರುಗಳು. ಲಿವರ್ ಜಗ್ಗಿದರೆ ತಂತಿ ಎಳೆಯುತ್ತದೆ, ದೂರದ ಕಂಬದ ಮೇಲಿನ ಸಿಗ್ನಲಿನ ಕೈ ಕೆಳಗೆ ಬೀಳುತ್ತದೆ, ರೈಲು ಒಳಗೆ ಬರುತ್ತದೆ. ಕೈ ನೆಟ್ಟಗಿದ್ದರೆ ರೈಲು ನಿಲ್ಲಬೇಕು. ಕೆಳಗಿನ ಕೋಣೆ ಕತ್ತಲೆ. ಅಲ್ಲಿ ಬರೀ ತಂತಿ, ಗಾಲಿ, ಎಣ್ಣೆ, ಜಿಡ್ಡು.

ಮೇಲೆ ಇಬ್ಬರು ಇರುತ್ತಿದ್ದರು. ಮೇಜಿನ ಹತ್ತಿರ ಸ್ಟೇಷನ್ ಮಾಸ್ತರ ಗೋವಿಂದರಾವ. ಲಿವರಿನ ಹತ್ತಿರ ಅಪ್ಪ. ನಡುವೆ ಆರು ಹೆಜ್ಜೆ. ಆ ಆರು ಹೆಜ್ಜೆಯನ್ನು ಅಪ್ಪ ದಾಟುವಂತಿರಲಿಲ್ಲ. ಮಾಸ್ತರನ ಮಡಕೆಯ ನೀರು ಮುಟ್ಟುವಂತಿರಲಿಲ್ಲ. ಮೇಜಿನ ಮೇಲಿನ ರಜಿಸ್ಟರನ್ನೂ ಮುಟ್ಟುವಂತಿರಲಿಲ್ಲ. ಯಾವ ಲೈನಿಗೆ ರೈಲು ಬಿಡಬೇಕು ಅಂತ ಮಾಸ್ತರ ರಜಿಸ್ಟರಿನಲ್ಲಿ ಬರೆಯಬೇಕು, ಲಿವರ್‌ಮನ್ ಓದಿ ಸಹಿ ಹಾಕಬೇಕು. ಅದು ಕಾನೂನು. ಅಪ್ಪ ಹತ್ತನೇ ಇಯತ್ತೆ ಪಾಸಾದವನು. ಅಕ್ಷರ ಮುತ್ತಿನಂತಿದ್ದವು. ಆದರೆ ಮಾಸ್ತರ ಬಾಯಿಂದ ಹೇಳುತ್ತಿದ್ದ. ಅಪ್ಪ ಜಗ್ಗುತ್ತಿದ್ದ. ಅಪ್ಪನ ಸಹಿಯ ಜಾಗದಲ್ಲಿ ಮಾಸ್ತರನೇ ಒಂದು ಗೀಟು ಎಳೆಯುತ್ತಿದ್ದ. ಐದು ವರ್ಷ ಹಾಗೇ ನಡೆಯಿತು.

ತೊಂಬತ್ತೊಂದನೇ ಇಸವಿಯ ಮೇ ತಿಂಗಳು. ಮಧ್ಯಾಹ್ನ. ಎರಡನೇ ಲೈನಿನಲ್ಲಿ ಸಿಮೆಂಟಿನ ಗೂಡ್ಸ್ ಗಾಡಿ ನಿಂತಿತ್ತು. ಒಂದನೇ ಲೈನ್ ಖಾಲಿ. ಮಾಸ್ತರ ಉಂಡು ಕುರ್ಚಿಗೆ ಒರಗಿದ್ದ. ಫೋನ್ ಬಂತು. ಕಣ್ಣು ಬಿಡದೆ ಎತ್ತಿದ, ಹೂಂ ಅಂದ, ಇಟ್ಟ.

"ಪ್ಯಾಸೆಂಜರ್ ಬರ್ಲಿಕತ್ತದ. ಎರಡನೇ ಲೈನ್ ಬಿಡು."

"ಸಾಹೇಬ್ರ, ಎರಡರಾಗ ಗೂಡ್ಸ್ ನಿಂತಾದ್ರಿ."

"ನನಗ ಕಲಸ್ತಿ ಏನಲೇ? ಹೇಳಿದಷ್ಟು ಮಾಡು."

ಅಪ್ಪ ಜಗ್ಗಿದ. ಇದನ್ನು ಅವನು ಎಂದೂ ಮುಚ್ಚಿಟ್ಟಿಲ್ಲ. "ಜಗ್ಗಿದ್ದು ನಾನೇ," ಅನ್ನುತ್ತಾನೆ. "ತಲಿಗೆ ಗೊತ್ತಿತ್ತು. ಕೈ ಹೇಳಿದ್ದು ಕೇಳ್ತು. ಹುಟ್ಟಿದಾಗಿಂದ ಈ ಕೈಗೆ ಅದೇ ಕಲಿಸ್ಯಾರ."

ರೈಲಿನ ಸೀಟಿ ಕೇಳಿತು. ಅಪ್ಪ ಕಿಡಕಿಯಿಂದ ನೋಡಿದ. ಗೂಡ್ಸಿನ ಕೊನೆಯ ಡಬ್ಬಿ ಕಾಣುತ್ತಿತ್ತು. ಆ ಕಡೆಯಿಂದ ಹೊಗೆ ಕಾಣುತ್ತಿತ್ತು. ಮಾಸ್ತರನನ್ನು ಕೇಳಲಿಲ್ಲ. ಸಿಗ್ನಲಿನ ಕೈ ಮತ್ತೆ ನೆಟ್ಟಗಾಗಲಿ ಅಂತ ಲಿವರಿನ ಹಿಡಿ ಬಿಡಿಸಿ ಅದನ್ನು ತಿರುಗಿ ಒಗೆದ. ತಂತಿಯ ಎಳೆತಕ್ಕೆ ಲಿವರ್ ಹಾರಿ ಹಿಂದಕ್ಕೆ ಬಡಿಯಿತು. ಬಲಗೈಯ ಕೊನೆಯ ಎರಡು ಬೆರಳು ಲಿವರಿಗೂ ಚೌಕಟ್ಟಿಗೂ ನಡುವೆ ಸಿಕ್ಕವು. ಬೆರಳು ಅಲ್ಲೇ ಬಿಟ್ಟು ಕೈ ಕಿತ್ತುಕೊಂಡು ಕೆಂಪು ಝಂಡಾ ಹಿಡಿದು ಹಳಿಯ ಮೇಲೆ ಓಡಿದ. ಝಂಡಾ ಯಾವುದು, ರಕ್ತ ಯಾವುದು ಗೊತ್ತಾಗುತ್ತಿರಲಿಲ್ಲ ಅಂತ ಅಬ್ದುಲ್ ಗನಿ ಚಾಚಾ ಹೇಳುತ್ತಾರೆ. ಅವರು ಆಗ ಕೀಮ್ಯಾನ್. ದಿನಾ ಹಳಿಯ ಮೇಲೆ ನಡೆದು ಸಡಿಲಾದ ಕೀಲು ಬಡಿಯುವ ಕೆಲಸ. ರೈಲು ನಿಂತಿತು. ಗೂಡ್ಸಿಗೂ ಅದಕ್ಕೂ ಇಪ್ಪತ್ತು ಮಾರು ಇತ್ತು. ಗನಿ ಚಾಚಾ ತಮ್ಮ ತಲೆಯ ರುಮಾಲು ಹರಿದು ಅಪ್ಪನ ಕೈಗೆ ಕಟ್ಟಿದರು. ಕ್ಯಾಬಿನ್ನಿನ ಕಿಡಕಿಯ ಕೆಳಗೇ ಇದ್ದು ಮೇಲಿನ ಮಾತು ಕೇಳಿದ್ದು, ಎಲ್ಲವನ್ನೂ ಕಂಡದ್ದು ಅವರೊಬ್ಬರೇ.

ವಿಚಾರಣೆ ಆಯಿತು. ರಜಿಸ್ಟರಿನಲ್ಲಿ ಒಂದನೇ ಲೈನ್ ಅಂತ ಬರೆದಿತ್ತು. ಮಾಸ್ತರ ಅದನ್ನು ಯಾವಾಗ ಬರೆದನೋ. ಪಕ್ಕದಲ್ಲಿ ಗೀಟು. ಲಿವರ್‌ಮನ್ ಕುಡಿದಿದ್ದ, ತಾನಾಗಿ ಎರಡನೇದು ಜಗ್ಗಿದ, ನಾನೇ ಎದ್ದು ಸಿಗ್ನಲ್ ತಿರುಗಿಸಿದೆ ಅಂತ ಮಾಸ್ತರ ಹೇಳಿದ.

"ಇಲ್ಲಿ ನಿನ್ನ ಸಹಿ ಯಾಕ ಇಲ್ಲ?" ಅಂತ ಅಧಿಕಾರಿ ಕೇಳಿದರಂತೆ.

"ರಜಿಸ್ಟರ್ ಮುಟ್ಟಾಕ ಬಿಡ್ತಿರ್ಲಿಲ್ರಿ."

ಮೂವರು ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ. ಅಬ್ದುಲ್ ಗನಿಯನ್ನು ಕರೆದರು. ಅವರು ನೆಲ ನೋಡುತ್ತ, "ನಾ ದೂರ ಇದ್ನಿರಿ, ಏನೂ ಕಂಡಿಲ್ರಿ" ಅಂದರು. ಅವರಿಗೂ ಹೆಂಡತಿ ಮಕ್ಕಳಿದ್ದರು. ಗೋವಿಂದರಾವನಿಗೆ ಪದಕ ಸಿಕ್ಕಿತು. ಅಪ್ಪನನ್ನು ಕೆಲಸದಿಂದ ತೆಗೆದರು.

ಅಪ್ಪ ಶಹಾಬಾದಿನ ಫರಸಿ ಕಲ್ಲಿನ ಖಣಿಗೆ ಹೋದ. ಮೂರು ಬೆರಳಿನಲ್ಲಿ ಸುತ್ತಿಗೆ ಹಿಡಿಯುವುದು ಕಲಿತ. ಮೊದಲ ವರ್ಷ ಸುತ್ತಿಗೆ ಜಾರಿ ಮೊಣಕಾಲಿಗೆ, ಪಾದಕ್ಕೆ ಬೀಳುತ್ತಿತ್ತು. ಆಮೇಲೆ ಕೈ ಕಲಿಯಿತು. ಚಪ್ಪಡಿ ಎಬ್ಬಿಸಿದ, ಅಂಚು ಕಟ್ಟಿದ, ಗೋರಿಯ ಕಲ್ಲು, ಅಡಿಗಲ್ಲು ಕೆತ್ತಿದ. ಬಿಳಿ ಧೂಳು ಎದೆಯೊಳಗೆ ಇಳಿಯಿತು. ಈಗ ಅರವತ್ತೆರಡು. ಹತ್ತು ಹೆಜ್ಜೆ ನಡೆದರೆ ನಿಂತು ಕೆಮ್ಮುತ್ತಾನೆ.

ಕ್ಯಾಬಿನ್ನಿನ ಕೆಲಸವನ್ನು ಮಷೀನು ಮಾಡತೊಡಗಿದ ಮೇಲೆ ಅದಕ್ಕೆ ಕೀಲಿ ಹಾಕಿದರು. ಬಾವಲಿ ಸೇರಿದವು. ಹಾಗೇ ಇಪ್ಪತ್ತು ವರ್ಷ ಬಿದ್ದಿತ್ತು.

ಹೋದ ವರ್ಷ ಊರಲ್ಲಿ ಪರಂಪರಾ ಸಮಿತಿ ಅಂತ ಒಂದು ಹುಟ್ಟಿತು. ಹಳೆಯ ಕ್ಯಾಬಿನ್ ಉಳಿಸಬೇಕು, ಮೊದಲಿದ್ದ ಹಾಗೆ ಮಾಡಿ ಮಂದಿಗೆ ತೋರಿಸಬೇಕು ಅಂತ. ಸುರೇಶಕುಮಾರ ಸರ್ ಅದರ ಕಾರ್ಯದರ್ಶಿ. ಅವರು ನಮ್ಮ ಓಣಿಯವರೇ. ರಿಟೈರ್ ಆದ ಹೆಡ್‌ಮಾಸ್ತರು. ಬುದ್ಧ ವಿಹಾರದಲ್ಲಿ ನಮ್ಮ ಜತೆ ಕುಳಿತು ವಂದನೆ ಹೇಳುವವರು. ನನಗೆ ಕನ್ನಡ ಕಲಿಸಿದವರು. ಒಂದು ಸಂಜೆ ಮನೆಗೆ ಬಂದರು.

"ಜೈಭೀಮ ದೇವಣ್ಣ. ಆ ಲಿವರ್ ಎಬ್ಬಸೋ ಮನಶಾ ಈ ಭಾಗದಾಗ ನೀ ಒಬ್ಬಾಂವೇ ಉಳದೀದಿ."

"ನಾ ಆ ಕಡಿ ಕಾಲೇ ಇಡಂಗಿಲ್ಲ," ಅಂದ ಅಪ್ಪ.

"ಕೇಳಣ್ಣ. ಅದರ ಇತಿಹಾಸ ಬರ್ಯಾಕತ್ತೀವಿ. ಕಲ್ಲಿನ ಮ್ಯಾಲ ಕೆತ್ತಿಸಿ ಬಾಗಲಕ್ಕ ಹಚ್ಚತೀವಿ. ಬರ್ಯಾಂವ ನಾನು. ನೀ ಹೇಳು, ಖರೇ ಏನಾಗಿತ್ತು ಅದೇ ಬರಿತೀನಿ."

"ಖರೇ ಬರಿತಿ?"

"ನಮ್ಮ ಓಣ್ಯಾವ ನಾ. ನನ್ನ ಮ್ಯಾಲ ಭರೋಸಾ ಇಲ್ಲೇನಣ್ಣ?"

ಮೂರು ಸಂಜೆ ಅಪ್ಪ ಹೇಳಿದ. ಸರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬೆರಳಿನ ಮಾತು ಬಂದಾಗ ಅವರ ಕಣ್ಣಲ್ಲೂ ನೀರು ಬಂತು. ಅದು ಸುಳ್ಳಿನ ನೀರಲ್ಲ. ಅದೇ ನನಗೆ ಇವತ್ತಿಗೂ ಅರಗುವುದಿಲ್ಲ.

ನಲವತ್ತು ದಿನ ಅಪ್ಪ ದುಡಿದ. ಮೊಣಕಾಲುದ್ದ ಬಾವಲಿಯ ಹಿಕ್ಕೆ ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕಿದ. ಮೂಗಿಗೆ ಅವ್ವನ ಹಳೆಯ ಸೀರೆಯ ತುಂಡು ಕಟ್ಟಿದ್ದ. ಅದರೊಳಗೇ ಕೆಮ್ಮುತ್ತಿದ್ದ. ಒಂದೊಂದು ಲಿವರಿಗೂ ಸೀಮೆಎಣ್ಣೆ ಕುಡಿಸಿ, ಇಟ್ಟಂಗಿ ಚೂರಿನಿಂದ ತಿಕ್ಕಿ, ಜಂಗು ಕೆರೆದ. ಕೆಳಗಿನ ಕತ್ತಲೆ ಕೋಣೆಯಲ್ಲಿ ಹೊಟ್ಟೆಯ ಮೇಲೆ ತೆವಳಿ ತಂತಿ ಜೋಡಿಸಿದ. ಆಗಾಗ ಕಾರಿನಲ್ಲಿ ಮಂದಿ ಬರುತ್ತಿದ್ದರು. ಲಿವರಿನ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. "ಅಜ್ಜಾ, ಜರಾ ಬಾಜೂಕ ಸರೀರಿ" ಅನ್ನುತ್ತಿದ್ದರು. ಅಪ್ಪ ಸರಿಯುತ್ತಿದ್ದ.

ಮೇಲಿನ ಕೋಣೆಯಲ್ಲಿ ಒಂದು ಹಳೆಯ ಮಡಕೆ ತಂದಿಟ್ಟು ಚೀಟಿ ಅಂಟಿಸಿದ್ದರು. ಸಿಬ್ಬಂದಿ ಕುಡಿಯುತ್ತಿದ್ದ ನೀರಿನ ಮಡಕೆ ಅಂತ.

"ಸಿಬ್ಬಂದಿ ಅಂದ್ರ ಯಾರು?" ಅಂತ ಅಪ್ಪ ನನ್ನನ್ನು ಕೇಳಿದ.

"ಕೆಲಸ ಮಾಡೋರು, ಅಪ್ಪ."

"ಹಂಗಾರ ಸುಳ್ಳ ಬರದಾರ," ಅಂದು ಮತ್ತೆ ತಿಕ್ಕಲು ಕುಳಿತ.

ಒಂದು ದಿನ ಏಳನೇ ಲಿವರ್ ಜಗ್ಗಿದಾಗ ಅಂಗಳದ ಕಂಬದ ಮೇಲೆ ಸಿಗ್ನಲಿನ ಕೈ ಠಕ್ ಅಂತ ಬಿತ್ತು. ಅವತ್ತು ಅಪ್ಪ ಮನೆಗೆ ಬಂದು ಎರಡು ರೊಟ್ಟಿ ಜಾಸ್ತಿ ಉಂಡ. ಅವ್ವ ನನ್ನ ಮುಖ ನೋಡಿ ಸುಮ್ಮನೆ ನಕ್ಕಳು.

ಉದ್ಘಾಟನೆಗೆ ಎರಡು ದಿನ ಇರುವಾಗ ಸುರೇಶ ಸರ್ ಮತ್ತೆ ಬಂದರು. ಹೈದರಾಬಾದಿನಿಂದ ಮುಖ್ಯ ಅತಿಥಿ ಬರುತ್ತಾರೆ, ಲಿವರ್ ಜಗ್ಗಿ ಸಿಗ್ನಲ್ ಬೀಳಿಸುತ್ತಾರೆ, ಆದರೆ ಅವರಿಗೆ ಭುಜದ ಆಪರೇಷನ್ ಆಗಿದೆ ಅಂದರು.

"ಲಿವರಿಂದ ತಂತಿ ಬಿಚ್ಚೋಣ. ಮ್ಯಾಲ ಅವರು ಬರೀ ಕೈ ಹಚ್ಚತಾರ. ಕೆಳಗ ಕತ್ತಲದಾಗ ನೀ ಕುಂತು ತಂತಿ ಜಗ್ಗು. ಮಂದಿಗೆ ಗೊತ್ತಾಗಂಗಿಲ್ಲ."

ಕಲ್ಲಿನ ಮೇಲೆ ತನ್ನ ಮಾತು ಬರುತ್ತದೆ ಅಂತ ಅಪ್ಪ ಹೂಂ ಅಂದ. ಅವ್ವನಿಗೆ ತಡೆಯಲಾಗಲಿಲ್ಲ. "ಕೆತ್ತಿದ ಕಲ್ಲು ಎಲ್ಲ್ಯದ? ಒಮ್ಮಿ ತೋರಸ್ರಿ," ಅಂದಳು.

"ಬಟ್ಟಿ ಮುಚ್ಚೀವಿ ಅಕ್ಕ. ಉದ್ಘಾಟನಿ ದಿನ ತಗೀಬೇಕು."

"ಅತಿಥಿ ಯಾರು?" ಅಂತ ನಾನು ಕೇಳಿದೆ.

ಸರ್ ಚಹಾದ ಕಪ್ಪು ಕೆಳಗಿಟ್ಟರು. "ವಸಂತರಾವ ಅಂತ. ಎಲ್ಲಾ ಖರ್ಚು ಅವರೇ ಹಾಕ್ಯಾರ. ನೀನೇ ನಿರೂಪಣಿ ಮಾಡಬೇಕು ಪೂನಮ್. ನಮ್ಮ ಓಣಿ ಹುಡುಗಿ ಸ್ಟೇಜಿನ ಮ್ಯಾಲ ನಿಂದರಬೇಕು. ಅದು ನನ್ನ ಹಟ."

ನಾನು ಒಪ್ಪಿದೆ. ಆಸೆಯಿತ್ತು. ಕುಡುಕನ ಮಗಳು ಮೈಕಿನಲ್ಲಿ ನಿಂತು ಅಪ್ಪನ ಹೆಸರು ಓದುತ್ತಾಳೆ ಅಂತ.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಕ್ಯಾಬಿನ್ನಿನ ಮುಂದೆ ಶಾಮಿಯಾನ. ಬಾಜಾದವರು. ಅತಿಥಿ, ಸುರೇಶ ಸರ್, ಸಮಿತಿಯವರು ಮತ್ತು ನಾನು ಮೇಲಿನ ಕೋಣೆಯಲ್ಲಿ. ಕಿಡಕಿಗಳನ್ನೆಲ್ಲ ತೆರೆದಿದ್ದರು. ಲಿವರುಗಳ ಬುಡದಲ್ಲಿ ನೆಲ ಸೀಳಿರುತ್ತದೆ. ಆ ಸೀಳಿನಿಂದ ಕೆಳಗೆ ನೋಡಿದೆ. ಅಪ್ಪನ ನೆತ್ತಿ ಕಂಡಿತು. ಬಿಳಿ ಕೂದಲು. ಎರಡೂ ಕೈಗೆ ತಂತಿ ಸುತ್ತಿಕೊಂಡು ಕುಕ್ಕುರುಗಾಲಲ್ಲಿ ಕುಳಿತಿದ್ದ.

ಸರ್ ನನ್ನ ಕೈಗೆ ಹಾಳೆ ಕೊಟ್ಟರು. ಅದಕ್ಕೂ ಮೊದಲು ತೋರಿಸಿರಲಿಲ್ಲ. ಓದತೊಡಗಿದೆ. ಯಾವ ಇಸವಿಯಲ್ಲಿ ಕಟ್ಟಿದರು, ಕಬ್ಬಿಣ ಎಲ್ಲಿಂದ ಬಂತು, ಯಾವ ಯಾವ ಮಾಸ್ತರರು ಆಳಿದರು. ಹನ್ನೊಂದು ಮಾಸ್ತರರ ಹೆಸರು. ಕಲ್ಲು ಹೊತ್ತವರ ಹೆಸರಿಲ್ಲ. ಲಿವರ್ ಜಗ್ಗಿದವರ ಹೆಸರಿಲ್ಲ. ಹಾಳೆ ತಿರುವಿದೆ.

"ಕ್ರಿಸ್ತಶಕ ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಕುಡಿದ ಮತ್ತಿನಲ್ಲಿದ್ದ ಲಿವರ್‌ಮನ್..."

ನಾಲಗೆ ನಿಂತಿತು. ಕಣ್ಣು ಮುಂದೆ ಓಡಿತು. ಕುಡಿದ ಮತ್ತಿನಲ್ಲಿದ್ದ ಲಿವರ್‌ಮನ್ನನ ತಪ್ಪಿನಿಂದ ಒದಗಿದ ಅನಾಹುತವನ್ನು ಮಾಸ್ತರ ಶ್ರೀ ಗೋವಿಂದರಾವ ಅವರು ತಮ್ಮ ಸಮಯಪ್ರಜ್ಞೆಯಿಂದ ತಪ್ಪಿಸಿ ನೂರಾರು ಪ್ರಾಣ ಉಳಿಸಿದರು. ಅವರ ಸವಿನೆನಪಿಗಾಗಿ ಪುತ್ರ ಶ್ರೀ ವಸಂತರಾವ ಅವರ ಸೇವೆ.

"ಓದವ್ವ," ಅಂತ ಸರ್ ಪಿಸುಗುಟ್ಟಿದರು. "ಓದಿಬಿಡು. ಆಮ್ಯಾಲ ಮಾತಾಡೋಣ."

"ಇದನ್ನ ನೀವು ಬರದೀರಿ ಸರ್?"

ಮೈಕ್ ಹತ್ತಿರವೇ ಇತ್ತು. ಶಾಮಿಯಾನದವರೆಲ್ಲ ತಲೆಯೆತ್ತಿದರು. ಸರ್ ಮೈಕಿಗೆ ಕೈ ಅಡ್ಡ ಹಿಡಿದರು. "ರೊಕ್ಕ ಅವರದವ್ವ. ಕಟ್ಟಡ ಮದಲ ಉಳೀಲಿ. ಹೆಸರು ಆಮ್ಯಾಲ ಸರಿಮಾಡೋಣ," ಅಂದು ಹಾಳೆ ಕಸಿದು ಉಳಿದದ್ದನ್ನು ತಾವೇ ಓದಿದರು. ಕೊನೆಯವರೆಗೆ ಓದಿದರು. ಕೆಳಗೆ ಕಲ್ಲಿನ ಮೇಲಿನ ಬಟ್ಟೆ ಸರಿಯಿತು. ಚಪ್ಪಾಳೆ ಬಿತ್ತು. ನಾನು ಸೀಳಿನಲ್ಲಿ ನೋಡಿದೆ. ಬಿಳಿ ತಲೆ ಅಲುಗಲಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡಿದ್ದ.

ವಸಂತರಾವ ಹೂವು ಸುತ್ತಿದ ಲಿವರಿಗೆ ಕೈ ಹಚ್ಚಿದರು. ಬಾಜಾ ಶುರುವಾಯಿತು. ತಂತಿ ಬಿಚ್ಚಿದ ಲಿವರ್ ಹಗುರಾಗಿ ಮುಂದಕ್ಕೆ ಬಂತು. ಎಲ್ಲರೂ ಕಂಬ ನೋಡಿದರು. ಸಿಗ್ನಲಿನ ಕೈ ನೆಟ್ಟಗೇ ಇತ್ತು. ಮತ್ತೊಮ್ಮೆ ಜಗ್ಗಿದರು. ನೆಟ್ಟಗೇ ಇತ್ತು. ಬಾಜಾ ತಡವರಿಸಿ ನಿಂತಿತು. ಹಿಂದೆ ಯಾರೋ ನಕ್ಕರು.

ಸರ್ ನೆಲಕ್ಕೆ ಬಗ್ಗಿದರು. "ಅಣ್ಣಾ, ಜಗ್ಗು! ದೇವಣ್ಣಾ!"

"ಜಗ್ಗಂಗಿಲ್ಲ," ಅಂತ ಕೆಳಗಿನಿಂದ ಬಂತು.

"ಇಜ್ಜತ್ ಹೋಗ್ತದಣ್ಣಾ!"

"ಯಾರದು?"

ನಾನು ಮೈಕ್ ಎತ್ತಿಕೊಂಡೆ. ಮೊಣಕಾಲೂರಿ ಅದನ್ನು ಸೀಳಿನ ಬಾಯಿಗೆ ಇಟ್ಟೆ. "ಅಪ್ಪ, ಮಂದಿಗೆ ಕೇಳಸ್ತದ. ಹೇಳು."

ಒಂದು ಕೆಮ್ಮು. ಶಾಮಿಯಾನದ ತುಂಬ ಆ ಕೆಮ್ಮು. ಆಮೇಲೆ ಮಾತು.

"ನಾ ದೇವಾನಂದ. ಇಲ್ಲಿ ಲಿವರ್‌ಮನ್ ಇದ್ದೆ. ನಾ ಕುಡದಿರ್ಲಿಲ್ಲ. ಎರಡನೇ ಲೈನ್ ಅಂದಾಂವ ಮಾಸ್ತರ. ಹೇಳಿದ್ದು ಕೇಳಿ ಜಗ್ಗಿದಾಂವ ನಾನು. ತಿರುಗಿ ಒಗದಾಂವನೂ ನಾನೇ. ಇಲ್ಲೇ ನನ್ನ ಬೆರಳ ಬಿದ್ದಾವ. ಒಮ್ಮಿ ಬಾಯಿ ಮುಚಗೊಂಡು ಜಗ್ಗೀನಿ, ಇವತ್ತ ಜಗ್ಗಂಗಿಲ್ಲ. ನಿಮ್ಮ ಸಿಗ್ನಲ್ ನೀವೇ ಬೀಳಿಸಿಗೋರಿ."

ಯಾರೋ ಮೈಕಿನ ವಾಯರ್ ಕಿತ್ತರು. ವಸಂತರಾವ ನನ್ನ ಕಡೆ ನೋಡಲಿಲ್ಲ. "ಕರೆಸಿ ಅವಮಾನ ಮಾಡಿದಿರಿ," ಅಂತ ಸರ್‌ಗೆ ಹೇಳಿ ಮೆಟ್ಟಿಲಿಳಿದರು. ಸಮಿತಿಯ ಇಬ್ಬರು ಕೆಳಗಿನ ಕೋಣೆಗೆ ನುಗ್ಗಿ ಅಪ್ಪನನ್ನು ಹೊರಗೆ ತಳ್ಳಿ ತಂತಿ ಜಗ್ಗಿದರು. ಸಿಗ್ನಲಿನ ಕೈ ಅರ್ಧ ಇಳಿದು ನಿಂತಿತು. ಅಷ್ಟರಲ್ಲೇ ಫೋಟೊ ತೆಗೆದರು. ಮರುದಿನ ಪೇಪರಿನಲ್ಲಿ ಅದೇ ಬಂತು. ಅಪ್ಪನ ಮಾತು ಬರಲಿಲ್ಲ.

ಶಾಮಿಯಾನದ ಕೊನೆಯ ಸಾಲಿನಲ್ಲಿ ಅಬ್ದುಲ್ ಗನಿ ಚಾಚಾ ಕುಳಿತಿದ್ದರು. ತಲೆ ತಗ್ಗಿಸಿಕೊಂಡು ಎದ್ದು ಹೋದರು.

ಕಲ್ಲು ಬದಲಿಸಿ ಅಂತ ಸಮಿತಿಗೆ ಅರ್ಜಿ ಕೊಟ್ಟೆವು. ಉತ್ತರ ಬರಲಿಲ್ಲ. ಹಳೆಯ ವಿಚಾರಣೆಯ ಕಾಗದವನ್ನು ರೈಲ್ವೆಯವರಿಗೆ ಕೇಳಿದೆ. ಅವಧಿ ಮೀರಿದ್ದರಿಂದ ನಾಶಪಡಿಸಲಾಗಿದೆ ಅಂತ ಬರೆದರು. ಕಾಗದ ನಾಶವಾಗಿತ್ತು, ಅದರ ಸುಳ್ಳು ಮಾತ್ರ ಕಲ್ಲಾಗಿತ್ತು. ಜೂನಿನಲ್ಲಿ ಶಾಲೆ ಶುರುವಾದಾಗ ಅತಿಥಿ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ.

ಕೊನೆಗೆ ಸುರೇಶ ಸರ್ ಬಂದರು. ಹೊಸ್ತಿಲ ಹೊರಗೇ ನಿಂತರು.

"ಅಣ್ಣ, ಕುಡಿದ ಅನ್ನೋ ಅಕ್ಷರದ ಮ್ಯಾಲ ಒಂದು ಕಾಗದದ ಪಟ್ಟಿ ಅಂಟಸ್ತೀವಿ. ನೀ ಬಂದು ಸಿಗ್ನಲ್ ಸರಿಮಾಡು. ನೋಡಾಕ ಬಂದ ಮಂದಿ ನಕ್ಕು ಹೋಗಾಕತ್ತಾರ."

ಅಪ್ಪ ಮಾತಾಡುವ ಮೊದಲೇ ಅವ್ವ ಎದ್ದಳು. "ಮೂರು ದಿನ ನಮ್ಮ ಮನ್ಯಾಗ ಕುಂತು ಅತ್ತಿರಲ್ಲ ಸರ್, ಆ ನೋಟ್‌ಬುಕ್ ಎಲ್ಲಿ ಇಟ್ಟೀರಿ?"

ಸರ್ ಅಪ್ಪನ ಕಡೆ ತಿರುಗಿದರು.

"ಕಲ್ಲಿನ ಮ್ಯಾಲ ಕಾಗದ ಅಂಟಸಿದ್ರ ಅಕ್ಷರ ಹೋಗಂಗಿಲ್ಲ ಸುರೇಶ," ಅಂದ ಅಪ್ಪ. "ಮೂವತ್ತು ವರ್ಷ ಕಲ್ಲಿನ ಕೆಲಸ ಮಾಡೀನಿ. ಕೆತ್ತಿದ್ದು ಕೆತ್ತೇ ತಗೀಬೇಕು."

ಸೋಮವಾರ ಹತ್ತು ಗಂಟೆಗೆ ಅಪ್ಪ ಹೊರಟ. ಕೈಯಲ್ಲಿ ಚಾಣ, ಸುತ್ತಿಗೆ. ನಾನೂ ಹೋದೆ. ಮುಚ್ಚಿಟ್ಟುಕೊಂಡು ಹೋಗಲಿಲ್ಲ. ಬಜಾರದ ನಡುವಿನಿಂದಲೇ ಹೋದೆವು. ಕ್ಯಾಬಿನ್ನಿನ ಬಾಗಿಲ ಪಕ್ಕ, ಆಳೆತ್ತರದಲ್ಲಿ ಆ ಕಲ್ಲು. ಶಹಾಬಾದಿನದೇ ಕಲ್ಲು. ಅಪ್ಪ ಅಂಗೈಯಿಂದ ಅದನ್ನು ಸವರಿ ನೋಡಿದ. ಕುಡಿದ ಅನ್ನುವ ಅಕ್ಷರದ ಮೇಲೆ ಚಾಣ ಇಟ್ಟು ಮೊದಲ ಏಟು ಹಾಕಿದ. ಮೂರು ಬೆರಳಿನ ಏಟು. ಚೂರು ಹಾರಿತು.

ಕಾವಲುಗಾರ ಓಡಿ ಬಂದ. "ಏ, ಏನ್ ಮಾಡ್ಲಿಕತ್ತೀದಿ? ಬಿಡು!"

ಅಷ್ಟರಲ್ಲಿ ಹಿಂದಿನಿಂದ ಅಬ್ದುಲ್ ಗನಿ ಚಾಚಾ ಬಂದರು. ಬಜಾರದಲ್ಲಿ ನಮ್ಮನ್ನು ಕಂಡು ಬೆನ್ನು ಹತ್ತಿದ್ದರಂತೆ. ಎಪ್ಪತ್ತೈದರ ಮುದುಕ. ಏದುಸಿರು ಬಿಡುತ್ತಿದ್ದರು.

"ದೇವಾ, ತಡಾ ಆತಪಾ," ಅಂದರು. "ಮೂವತ್ಮೂರು ವರ್ಷ ತಡಾ ಮಾಡೀನಿ."

ಅಪ್ಪ ತಿರುಗಿ ನೋಡಲಿಲ್ಲ. "ಬೇಷಾತು. ಅಡ್ಡ ಕುಂದ್ರು."

ಚಾಚಾ ಅಪ್ಪನ ಬೆನ್ನ ಹಿಂದೆ, ಮೆಟ್ಟಿಲಿಗೆ ಅಡ್ಡವಾಗಿ ಕಾಲು ಚಾಚಿ ಕುಳಿತರು. ಅವರ ಪಕ್ಕ ನಾನು ಕುಳಿತೆ. ಕಾವಲುಗಾರ ನಮ್ಮನ್ನು ದಾಟಲು ಹಿಂಜರಿದು ಫೋನ್ ಮಾಡಿದ. ಮಂದಿ ಸೇರಿದರು. ಅವರಿಗೆಲ್ಲ ಚಾಚಾ ಕೂಗಿ ಕೂಗಿ ಹೇಳಿದರು, ತಾವು ಕಂಡದ್ದು ಏನು, ಅಂದು ಹೆದರಿ ಹೇಳಿದ್ದು ಏನು ಅಂತ. ಕೆಲವರು ಕೇಳಿದರು. ಕೆಲವರು ಮೊಬೈಲ್ ಹಿಡಿದು ನಿಂತರು. ಸುತ್ತಿಗೆ ನಿಲ್ಲಲಿಲ್ಲ. ಅಪ್ಪ ಐದು ಏಟು ಹಾಕಿ ಕೆಮ್ಮುತ್ತಿದ್ದ, ಮತ್ತೆ ಐದು ಏಟು ಹಾಕುತ್ತಿದ್ದ. ಜೀಪು ಬರುವವರೆಗೆ ಮುಕ್ಕಾಲು ಗಂಟೆ ಸಿಕ್ಕಿತು.

ಕೇಸಾಯಿತು. ಪಾರಂಪರಿಕ ಕಟ್ಟಡಕ್ಕೆ ಹಾನಿ ಮಾಡಿದ ಆರೋಪ. ಬಾವಲಿಯ ಹಿಕ್ಕೆ ಹೊತ್ತು ಆ ಕಟ್ಟಡ ಎಬ್ಬಿಸಿದವನ ಮೇಲೆ. ಜಾಮೀನಿಗೆ ಅಬ್ದುಲ್ ಗನಿ ಚಾಚಾ ತಮ್ಮ ಮನೆಯ ಕಾಗದ ಇಟ್ಟರು.

ಹೋದ ವಾರ ಮೊದಲ ಸಲ ಕೋರ್ಟಿನಲ್ಲಿ ನಿಲ್ಲಿಸಿದರು. ನ್ಯಾಯಾಧೀಶರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು. ಆರೋಪ ಓದಿ ಹೇಳಿದರು. ಅಪ್ಪ ಎರಡೂ ಕೈ ಕಟಕಟೆಯ ಮೇಲಿಟ್ಟು ನಿಂತಿದ್ದ.

"ತಪ್ಪು ಒಪ್ಪಿಕೊಳ್ಳುತ್ತೀರಾ?"

"ಕೆತ್ತಿ ತಗದದ್ದು ಒಪ್ತೀನ್ರಿ. ತಪ್ಪು ಅಂತ ಒಪ್ಪಂಗಿಲ್ಲ."

"ಯಾಕೆ ತೆಗೆದಿರಿ?"

"ಅದರಾಗ ಎರಡು ಸುಳ್ಳ ಇದ್ದವ್ರಿ. ಒಂದು ನನ್ನ ಮ್ಯಾಲ, ಕುಡದಿದ್ದೆ ಅಂತ. ಒಂದು ಮಾಸ್ತರನ ಮ್ಯಾಲ, ಜೀವ ಉಳಿಸಿದ ಅಂತ. ನಂದು ತಗದೀನಿ."

ಅಪ್ಪ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಕೋರ್ಟು ಕಾಯಿತು.

"ಅವರದು ಇನ್ನೂ ಉಳದಾದ್ರಿ ಯವ್ವ. ಅಷ್ಟರಾಗ ಜೀಪ್ ಬಂತು."